ಎರೆಮಣ್ಣಿನ ಹಿತ್ತಲಿನಲ್ಲಿ ಎಳೆಯ ಬೀನ್ಸ್ ಗಿಡಗಳ ನೀರು ಮತ್ತು ಕಾವಲು

ಬೀನ್ಸ್ ಗಿಡ ಕೈಬಿಟ್ಟು ಹೋಗುವುದಿದ್ದರೆ ಬಹುಮಟ್ಟಿಗೆ ಮೊದಲ ಮೂರು ನಾಲ್ಕು ವಾರಗಳಲ್ಲಿಯೇ ಹೋಗುತ್ತದೆ. ಆ ಅವಧಿಯನ್ನು ದಾಟಿದ ಗಿಡಕ್ಕೆ ಸಣ್ಣಪುಟ್ಟ ಕೊರತೆಗಳನ್ನು ತಡೆದುಕೊಳ್ಳುವಷ್ಟು ಬೇರು ಇಳಿದಿರುತ್ತದೆ. ವಿಜಯಪುರದಲ್ಲಿ ಮನೆಯ ಹಿತ್ತಲಿನಲ್ಲಿ ಕಾಯಿಪಲ್ಯ ಬೆಳೆಯುವವರು ಈ ಎಳೆಯ ಗಿಡಗಳಿಗೆ ನೀರು ಸಾಲದೇ ಹೋದೀತೆಂದು ಬಹಳ ಹೆದರುತ್ತಾರೆ. ಆದರೆ ನಮ್ಮ ಓಣಿಯ ಹಿತ್ತಲುಗಳಲ್ಲಿ ನಾನು ಕಂಡಿರುವ ಮಟ್ಟಿಗೆ, ನೀರಿಲ್ಲದೆ ಒಣಗಿದ ಸಸಿಗಳಿಗಿಂತ ಎರಡೂ ಹೊತ್ತು ನೀರು ಹಾಕಿಸಿಕೊಂಡು ಬೇರು ಕೊಳೆತ ಸಸಿಗಳೇ ಹೆಚ್ಚು. ಇದಕ್ಕೆ ಕಾರಣವಿದೆ. ಎಳೆಯ ಬೀನ್ಸ್ ಗಿಡಕ್ಕೆ ಏನೇ ತೊಂದರೆಯಾದರೂ, ಅದು ಬಿಸಿಲಿನದಾಗಲಿ, ಉಪ್ಪಿನದಾಗಲಿ, ಹುಳುವಿನದಾಗಲಿ, ಮೇಲ್ನೋಟಕ್ಕೆ ಬಾಯಾರಿಕೆಯಂತೆಯೇ ಕಾಣುತ್ತದೆ. ಎಲೆ ಜೋಲುತ್ತದೆ, ನಾವು ನೀರು ಸುರಿಯುತ್ತೇವೆ. ಜೋತ ಎಲೆಯನ್ನು ನೋಡಿದ ಕೂಡಲೇ ಝಾರಿ ಎತ್ತದೆ, ಅದು ನಿಜವಾಗಿಯೂ ಬಾಯಾರಿಕೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದಕ್ಕಾಗಿಯೇ ಈ ಬರಹ.

ಮೊದಲು ಕಾಲದ ಮಾತು. ಬೀನ್ಸ್ ಅಮೆರಿಕ ಖಂಡದಿಂದ ಬಂದ ಗಿಡ. ಅದಕ್ಕೆ ಹಿತವಾದ ಉಷ್ಣತೆ ಸುಮಾರು 20ರಿಂದ 25 ಡಿಗ್ರಿ ಸೆಲ್ಸಿಯಸ್. 30 ಡಿಗ್ರಿ ದಾಟಿದರೆ ಹೂ ಉದುರತೊಡಗುತ್ತದೆ. ಬೆಳಗಾವಿಯ ಕಡೆಗೆ ಸಹ್ಯಾದ್ರಿಯ ಮಳೆ, ತಂಪು ಎರಡೂ ಇರುವುದರಿಂದ ಅಲ್ಲಿ ಮುಂಗಾರಿನಲ್ಲಿಯೇ ಬೀನ್ಸ್ ಹುಲುಸಾಗಿ ಬರುತ್ತದೆ, ಅಲ್ಲಿಯ ಕಾಯಿಪಲ್ಯ ಗೋವೆಯ ಮಾರುಕಟ್ಟೆಯವರೆಗೂ ಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಉತ್ತರಿ ಮಳೆ ಮುಗಿದು ಹಸ್ತ ಹಿಡಿಯುವ ಹೊತ್ತಿನಿಂದ, ಎಂದರೆ ಸೆಪ್ಟೆಂಬರ್ ಕೊನೆಯ ವಾರದಿಂದ, ದೀಪಾವಳಿಯವರೆಗೆ ಬೀಜ ಊರಿದರೆ ಗಿಡವು ಹೂವಿಗೆ ಬರುವಾಗ ಚಳಿಗಾಲದ ತಂಪು ಸಿಗುತ್ತದೆ. ತಳಿಗಳಲ್ಲಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಎಂಬ ಪೊದೆಯ ತಳಿ ಹಿತ್ತಲಿಗೆ ಅನುಕೂಲವಾಗಿದೆ. ಅದಕ್ಕೆ ಹಂದರ ಬೇಕಾಗಿಲ್ಲ.

ಎರೆಮಣ್ಣಿನ ಗುಣವನ್ನು ಅರಿಯದೆ ನೀರಿನ ಮಾತು ಆಡುವಂತಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಡೋಣಿ ನದಿಯ ದಂಡೆಯ ಹೊಲಗಳ ಬಗ್ಗೆ ಹೇಳುವ ಸೀಮೆ ನಮ್ಮದು. ಆ ಫಲವತ್ತತೆಗೆ ಕಾರಣವಾದ ಜೇಡಿಯೇ ಎಳೆಯ ಬೀನ್ಸಿನ ಕಷ್ಟಕ್ಕೂ ಕಾರಣವಾಗುತ್ತದೆ. ಈ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಉಬ್ಬಿದ ಮಣ್ಣಿನಲ್ಲಿ ಗಾಳಿ ಓಡಾಡುವ ಸಂದುಗಳು ಮುಚ್ಚಿಹೋಗುತ್ತವೆ. ಬೀನ್ಸಿನ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬೇರಿನ ಮೇಲೆ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿಯುವ ಸೂಕ್ಷ್ಮಜೀವಿಗಳಿಗೂ ಗಾಳಿ ಬೇಕು. ಎರಡು ದಿನ ನೀರು ನಿಂತರೆ ಸಸಿ ಹಳದಿಗಟ್ಟುತ್ತದೆ. ಆದ್ದರಿಂದ ಎರೆಮಣ್ಣಿನಲ್ಲಿ ಬೀನ್ಸಿಗೆ ತಗ್ಗು ಮಡಿ ಬೇಡ, ನೆಲದಿಂದ ಗೇಣುದ್ದ ಎತ್ತರದ ಏರು ಮಡಿ ಬೇಕು. ಅದರಲ್ಲಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಕಲಸಿದರೆ ಮಣ್ಣು ಹುಡಿಯಾಗುತ್ತದೆ. ಹಸಿ ಸಗಣಿಯನ್ನು ಮಾತ್ರ ಹಾಕಬಾರದು.

ಬೀಜ ಊರುವ ಮುನ್ನಾದಿನ ಅಥವಾ ಎರಡು ದಿನ ಮೊದಲು ಮಡಿಯನ್ನು ಆಳದವರೆಗೆ ನೆನೆಯಿಸಿ, ಮಣ್ಣು ಹದಕ್ಕೆ ಬಂದ ಮೇಲೆ ಊರುವುದು ನನ್ನ ಪದ್ಧತಿ. ಒಂದು ಹಿಡಿ ಮಣ್ಣನ್ನು ಒತ್ತಿದರೆ ಉಂಡೆಯಾಗಬೇಕು, ಆ ಉಂಡೆಯನ್ನು ಮೊಣಕಾಲೆತ್ತರದಿಂದ ಬಿಟ್ಟರೆ ಒಡೆಯಬೇಕು, ಅದು ಹದ. ಮೂರರಿಂದ ನಾಲ್ಕು ಸೆಂಟಿಮೀಟರ್ ಆಳದಲ್ಲಿ ಬೀಜವನ್ನಿಟ್ಟು, ಮೇಲೆ ಪುಡಿಮಣ್ಣು ಮತ್ತು ಗೊಬ್ಬರ ಬೆರೆಸಿ ಮುಚ್ಚಿ, ಮೊಳಕೆ ಮೇಲೆ ಬರುವವರೆಗೆ ಮತ್ತೆ ನೀರು ಹಾಕಬಾರದು. ಇದನ್ನು ಹೇಳಿದಾಗ ಹೊಸಬರು ನಂಬುವುದಿಲ್ಲ, ಆದರೆ ಇದರ ಹಿಂದಿನ ಕಾರಣವನ್ನು ಕಣ್ಣಾರೆ ನೋಡಬಹುದು. ಬೀನ್ಸ್ ಮೊಳೆಯುವಾಗ ಕಾಂಡವು ಕೊಕ್ಕೆಯಂತೆ ಬಾಗಿ, ಬೆನ್ನಿನಿಂದ ಮಣ್ಣನ್ನು ಎತ್ತಿ, ಹಿಂದಿನಿಂದ ದಪ್ಪನಾದ ಎರಡು ಬೀಜದಳಗಳನ್ನು ನೆಲದ ಮೇಲಕ್ಕೆ ಎಳೆದು ತರುತ್ತದೆ. ಕಡಲೆಯಲ್ಲಾಗಲಿ ಬಟಾಣಿಯಲ್ಲಾಗಲಿ ಹೀಗಾಗುವುದಿಲ್ಲ, ಅವುಗಳ ಬೀಜದಳ ಮಣ್ಣಿನಲ್ಲಿಯೇ ಉಳಿಯುತ್ತದೆ. ಊರಿದ ಮೇಲೆ ಮೇಲಿಂದ ನೀರು ಸುರಿದರೆ ಎರೆಮಣ್ಣು ಕೆಸರಾಗಿ, ಮರುದಿನದ ಬಿಸಿಲಿಗೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಎತ್ತಲಾರದೆ ಕೊಕ್ಕೆಯ ಕುತ್ತಿಗೆ ಮುರಿಯುತ್ತದೆ. ತಲೆಯಿಲ್ಲದ ಮೊಳಕೆಗಳು ಮಡಿಯಲ್ಲಿ ಕಂಡರೆ ಹಕ್ಕಿಯನ್ನು ದೂರುವ ಮೊದಲು ಮಣ್ಣಿನ ಹೆಪ್ಪನ್ನು ಪರೀಕ್ಷಿಸಬೇಕು. ಅಕಸ್ಮಾತ್ ಮಳೆ ಬಿದ್ದು ಹೆಪ್ಪುಗಟ್ಟಿದರೆ, ಸಂಜೆ ಝಾರಿಯಿಂದ ತೆಳುವಾಗಿ ಚಿಮುಕಿಸಿ ಹೆಪ್ಪನ್ನು ಮೆದುವಾಗಿಸಬಹುದು. ಅಷ್ಟು ನೀರು ಸಾಕು.

ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸುವ ರೂಢಿಯೂ ಬೀನ್ಸಿಗೆ ಒಳ್ಳೆಯದಲ್ಲ. ಒಣಗಿದ ಬೀಜ ಒಮ್ಮೆಲೇ ನೀರು ಹೀರಿದಾಗ ಬೀಜದಳಗಳು ಸೀಳುತ್ತವೆ, ಒಳಗಿನ ಸಕ್ಕರೆ ಹೊರಗೆ ಸೋರುತ್ತದೆ, ಆ ಸಕ್ಕರೆಗೆ ಕೊಳೆಯಿಸುವ ಶಿಲೀಂಧ್ರಗಳು ಮುತ್ತುತ್ತವೆ. ನೆನೆಸುವುದರ ಬದಲು, ಅಂಥ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾದ ಪುಡಿಯನ್ನು ಬೀಜಕ್ಕೆ ಸವರಿ ಊರುವುದು ಉತ್ತಮ. ಒಂದು ಕಿಲೋ ಬೀಜಕ್ಕೆ 4 ಗ್ರಾಮ್ ಎಂಬುದು ಸಾಮಾನ್ಯ ಶಿಫಾರಸು, ಹಿತ್ತಲಿನ ಒಂದು ಹಿಡಿ ಬೀಜಕ್ಕೆ ಒಂದು ಚಿಟಿಕೆ ಸಾಕಾಗುತ್ತದೆ.

ಸಸಿ ಎದ್ದು ನಿಂತು ಮೊದಲ ಜೋಡಿ ಎಲೆ ಬಿಚ್ಚಿದ ಮೇಲೆ ನೀರಿನ ನಿಜವಾದ ವಿಚಾರಣೆ ಶುರುವಾಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಹಿತ್ತಲಿಗೆ ಹೋಗಿ ನೋಡಿದರೆ ಬೀನ್ಸಿನ ಎಲೆಗಳು ತಮ್ಮ ಹರವನ್ನು ಬದಲಿಸಿ, ಅಂಚನ್ನು ಸೂರ್ಯನ ಕಡೆಗೆ ಮಾಡಿ, ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಇದನ್ನು ಬಾಡುವಿಕೆ ಎಂದು ತಿಳಿಯುವವರೇ ಬಹಳ. ಎಲೆಯ ಬುಡದಲ್ಲಿ ಸಣ್ಣದೊಂದು ಉಬ್ಬಿದ ಕೀಲು ಇರುತ್ತದೆ. ಅದರೊಳಗಿನ ಜೀವಕೋಶಗಳು ನೀರನ್ನು ಅತ್ತಿಂದಿತ್ತ ಸಾಗಿಸಿ ಎಲೆಯನ್ನು ತಿರುಗಿಸುತ್ತವೆ. ನೆತ್ತಿಯ ಬಿಸಿಲು ಎಲೆಯ ಮುಖಕ್ಕೆ ನೇರವಾಗಿ ಬೀಳದಂತೆ ಗಿಡ ತಾನೇ ಮಾಡಿಕೊಳ್ಳುವ ರಕ್ಷಣೆ ಇದು. ರಾತ್ರಿಯಲ್ಲಿ ಅದೇ ಕೀಲು ಎಲೆಗಳನ್ನು ಕೆಳಕ್ಕೆ ಇಳಿಬಿಡುತ್ತದೆ. ಈ ಎರಡೂ ರೋಗವಲ್ಲ, ಬಾಯಾರಿಕೆಯೂ ಅಲ್ಲ. ಬಾಯಾರಿದ ಗಿಡದ ಎಲೆ ಮೆತ್ತಗಾಗಿರುತ್ತದೆ, ಬಣ್ಣ ಮಂಕಾಗಿ ಕಪ್ಪು ಹಸಿರಿಗೆ ತಿರುಗಿರುತ್ತದೆ, ಸೂರ್ಯ ಇಳಿದ ಮೇಲೂ ಚೇತರಿಸಿಕೊಳ್ಳುವುದಿಲ್ಲ. ಹೀಗಾಗಿ ನಿರ್ಧಾರವನ್ನು ಮಧ್ಯಾಹ್ನ ಮಾಡದೆ ಮರುದಿನ ಬೆಳಿಗ್ಗೆಗೆ ಬಿಡಬೇಕು. ಬೆಳಿಗ್ಗೆ ಎಲೆ ಬಿಗಿಯಾಗಿದ್ದರೆ ಗಿಡಕ್ಕೆ ನೀರು ಇದೆ ಎಂದೇ ಅರ್ಥ.

ಎಲೆಗಿಂತ ಮಣ್ಣು ಸ್ಪಷ್ಟವಾಗಿ ತಿಳಿಸುತ್ತದೆ. ಡೋಣಿ ಸಾಲಿನ ಹಳ್ಳಿಯಿಂದ ಬಂದ ನಮ್ಮ ಅತ್ತೆಯವರು, ನಾನು ಮದುವೆಯಾಗಿ ಬಂದ ಹೊಸದರಲ್ಲಿ, "ಯವ್ವಾ, ಎಲಿ ನೋಡಿ ನೀರ ಹಾಕಬ್ಯಾಡ, ಬಳ್ಳ ಇಟ್ಟ ನೋಡ" ಎಂದು ಹೇಳಿಕೊಟ್ಟಿದ್ದರು. ಗಿಡದ ಬುಡದಿಂದ ನಾಲ್ಕು ಬೆರಳು ಆಚೆಗೆ ತೋರುಬೆರಳನ್ನು ಪೂರ್ತಿಯಾಗಿ ಇಳಿಸಬೇಕು. ಮೇಲಿನ ಎರಡು ಗೆಣ್ಣು ಒಣಗಿ, ತುದಿಗೆ ತಂಪು ತಾಗಿದರೆ ಇನ್ನೂ ಒಂದು ದಿನ ಕಾಯಬಹುದು. ತುದಿಗೂ ತಂಪು ತಾಗದಿದ್ದರೆ ಅಂದೇ ನೀರು ಕೊಡಬೇಕು. ಎರೆಮಣ್ಣಿನ ಮೇಲ್ಮೈ ಬೇಗ ಬೆಳ್ಳಗಾಗಿ ಬಿರಿಯುವುದರಿಂದ ಕಣ್ಣಿಗೆ ಒಣಗಿದಂತೆ ಕಾಣುತ್ತದೆ, ಆದರೆ ಎರಡು ಅಂಗುಲ ಕೆಳಗೆ ಅದು ಇನ್ನೂ ಕೈಗೆ ಅಂಟುವಷ್ಟು ಹಸಿಯಾಗಿರುತ್ತದೆ.

ಎಷ್ಟು ನೀರು ಎಂಬ ಪ್ರಶ್ನೆಗೆ ಒಂದು ಸುಲಭದ ಲೆಕ್ಕವಿದೆ. ಒಂದು ಚದರ ಮೀಟರ್ ಮಡಿಗೆ ಒಂದು ಲೀಟರ್ ನೀರು ಹಾಕಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ನಮ್ಮ ಕಡೆಯ ಅಕ್ಟೋಬರ್ ನವೆಂಬರ್ ಬಿಸಿಲಿನಲ್ಲಿ ಎಳೆಯ ಬೀನ್ಸಿನ ಮಡಿಯಿಂದ ದಿನಕ್ಕೆ ಸುಮಾರು ಎರಡು ಮಿಲಿಮೀಟರ್ ನೀರು ಹೋಗುತ್ತದೆ ಎಂದಿಟ್ಟುಕೊಳ್ಳಬಹುದು. ಎಂದರೆ ಚದರ ಮೀಟರಿಗೆ ಹತ್ತು ಲೀಟರ್, ಒಂದು ಸಾಧಾರಣ ಬಕೆಟ್ಟಿಗಿಂತ ಕಡಿಮೆ, ನಾಲ್ಕರಿಂದ ಐದು ದಿನಗಳಿಗೆ ಸಾಕಾಗುತ್ತದೆ. ಇದೇ ಹತ್ತು ಲೀಟರನ್ನು ದಿನಕ್ಕೆ ಎರಡರಂತೆ ಹಂಚಿ ಹಾಕಿದರೆ ನೀರು ಮೇಲಿನ ಅಂಗುಲದಲ್ಲಿಯೇ ಉಳಿದು ಅರ್ಧ ಆವಿಯಾಗುತ್ತದೆ, ಬೇರು ಕೆಳಗಿಳಿಯುವ ಕಾರಣವೇ ಇರುವುದಿಲ್ಲ, ಬುಡದ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಒಮ್ಮೆ ಕೊಟ್ಟರೆ ಆಳಕ್ಕೆ ಕೊಡಬೇಕು, ಕೊಟ್ಟ ಮೇಲೆ ಕಾಯಬೇಕು.

ನೀರನ್ನು ಗಿಡದ ತಲೆಯ ಮೇಲೆ ಸುರಿಯದೆ, ಸಾಲಿನ ಪಕ್ಕದಲ್ಲಿ ಒಂದು ಗೇಣು ದೂರಕ್ಕೆ ಖುರಪಿಯಿಂದ ಸಣ್ಣ ಕಾಲುವೆ ಎಳೆದು ಅದರಲ್ಲಿ ಹರಿಸುವುದು ಒಳ್ಳೆಯದು. ಎಲೆ ಒದ್ದೆಯಾದಷ್ಟೂ ತುಕ್ಕು ರೋಗ, ಚಿಬ್ಬು ರೋಗ ಮತ್ತು ದುಂಡಾಣು ಅಂಗಮಾರಿಗೆ ಅವಕಾಶ ಹೆಚ್ಚು. ಮಣ್ಣಿನ ಹನಿ ಎಲೆಗೆ ಸಿಡಿದರೆ ರೋಗವೂ ಅದರ ಜೊತೆಗೆ ಹೋಗುತ್ತದೆ. ಸಂಜೆಗಿಂತ ಬೆಳಗಿನ ಹೊತ್ತು ಮೇಲು, ಏಕೆಂದರೆ ಅಕಸ್ಮಾತ್ ಎಲೆಗೆ ತಾಗಿದ ನೀರೂ ಒಂಬತ್ತು ಗಂಟೆಯೊಳಗೆ ಆರುತ್ತದೆ. ನೀರು ಅಪರೂಪವಾದ ಮನೆಗಳಲ್ಲಿ ಮೆರುಗಿಲ್ಲದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟು, ಅದರ ಸುತ್ತ ಬೀನ್ಸ್ ಊರುವುದು ಬಹಳ ಚೆನ್ನಾಗಿ ನಡೆಯುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟು ಮಾತ್ರ ಗಡಿಗೆಯಿಂದ ನೀರು ಜಿನುಗುತ್ತದೆ. ಅತಿಯಾಗಿ ನೀರು ಕೊಡುವ ಕೈಯಿದ್ದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಎಲೆಯ ಅಂಚು ಸುಟ್ಟಂತೆ ಕಂದಾಗಿ, ಗಿಡ ಕುಳ್ಳಾಗಿ ನಿಂತರೆ ನೀರಿನ ಪ್ರಮಾಣವನ್ನು ಬಿಟ್ಟು ನೀರಿನ ರುಚಿಯನ್ನು ವಿಚಾರಿಸಬೇಕು. ಸವಳು ನಮ್ಮ ಜಿಲ್ಲೆಗಳ ಹಳೆಯ ಸಮಸ್ಯೆ. ಡೋಣಿಯ ನೀರೇ ಉಪ್ಪು, ಎಷ್ಟೋ ಕೊಳವೆಬಾವಿಗಳ ನೀರೂ ಹಾಗೆಯೇ. ತರಕಾರಿಗಳ ಪೈಕಿ ಉಪ್ಪನ್ನು ಅತ್ಯಂತ ಕಡಿಮೆ ಸಹಿಸುವವುಗಳಲ್ಲಿ ಬೀನ್ಸ್ ಒಂದು. ಮಣ್ಣಿನ ಲವಣತೆಯನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಆ ವಾಹಕತೆ ಮೀಟರಿಗೆ 1 ಡೆಸಿಸೀಮನ್ಸ್ ದಾಟಿದ ಕೂಡಲೇ ಬೀನ್ಸಿನ ಇಳುವರಿ ಕುಸಿಯತೊಡಗುತ್ತದೆ, ಅಲಸಂದಿ ಹೆಚ್ಚುಕಡಿಮೆ 5ರವರೆಗೆ ತಾಳುತ್ತದೆ, ಚವಳಿಕಾಯಿ 8ನ್ನೂ ದಾಟಿ ತಾಳುತ್ತದೆ. ನಮ್ಮ ಹಿರಿಯರ ಹೊಲಗಳಲ್ಲಿ ಚವಳಿ, ಅಲಸಂದಿಗಳು ಏಕೆ ಅಷ್ಟು ನಿಶ್ಚಿಂತೆಯಾಗಿ ಬೆಳೆಯುತ್ತಿದ್ದವು ಎಂಬುದಕ್ಕೆ ಈ ಅಂಕಿಗಳಲ್ಲಿ ಒಂದು ಉತ್ತರವಿದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಮನೆಯಲ್ಲಿದ್ದರೆ ಹಿತ್ತಲಿನ ನೀರಿಗೂ ಅದನ್ನು ಅದ್ದಿ ನೋಡಬಹುದು. ಸುಮಾರು 450ರ ಒಳಗಿದ್ದರೆ ಬೀನ್ಸಿಗೆ ನಿರ್ಭಯವಾಗಿ ಕೊಡಬಹುದು, ಸಾವಿರ ದಾಟಿದರೆ ಕೊಡಲೇಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ನೀರು ಶುದ್ಧೀಕರಿಸುವ ಆರ್‌ಓ ಯಂತ್ರವು ಹೊರಹಾಕುವ ತ್ಯಾಜ್ಯ ನೀರನ್ನು ಹಾಳು ಮಾಡಬಾರದೆಂಬ ಒಳ್ಳೆಯ ಮನಸ್ಸಿನಿಂದ ಅನೇಕರು ಅದನ್ನೇ ಗಿಡಗಳಿಗೆ ಹಾಕುತ್ತಾರೆ. ಯಂತ್ರವು ತೆಗೆದುಹಾಕಿದ ಉಪ್ಪೆಲ್ಲ ಆ ನೀರಿನಲ್ಲಿಯೇ ಇರುತ್ತದೆ. ಅದನ್ನು ಅಂಗಳ ತೊಳೆಯಲು, ಬಟ್ಟೆ ನೆನೆಯಿಡಲು ಬಳಸಿ, ಬೀನ್ಸಿಗೆ ಮಾತ್ರ ಬೇಡ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಸಂತೋಷದಿಂದ ಹಾಕಬಹುದು. ನಳದ ನೀರು ಬಾರದ ದಿನಗಳಿಗಾಗಿ ಮಾಳಿಗೆಯ ಮಳೆನೀರನ್ನು ಒಂದು ಪೀಪಾಯಿಯಲ್ಲಿ ಹಿಡಿದಿಟ್ಟರೆ ಎಳೆಯ ಗಿಡಗಳಿಗೆ ಅದೇ ಅತ್ಯುತ್ತಮ. ಸವಳು ನೀರು ಬಿಟ್ಟು ಬೇರೆ ನೀರೇ ಇಲ್ಲದವರು ಬೀನ್ಸಿನ ಹಟ ಬಿಟ್ಟು ಚವಳಿಕಾಯಿ ಹಾಕಿಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ.

ನೀರು ಕೊಟ್ಟ ಎರಡನೆಯ ಅಥವಾ ಮೂರನೆಯ ದಿನ, ಮಣ್ಣು ಕೈಗಂಟದ ಹದಕ್ಕೆ ಬಂದಾಗ, ಖುರಪಿಯಿಂದ ಮೇಲಿನ ಒಂದಂಗುಲವನ್ನು ಮಾತ್ರ ಕೆದಕಿ ಸಡಿಲಿಸಬೇಕು. ಬಿರುಕುಗಳು ಮುಚ್ಚಿದರೆ ಒಳಗಿನ ತೇವ ಹೊರಗೆ ಹೋಗುವ ದಾರಿ ಮುಚ್ಚಿದಂತೆ. ಒಕ್ಕಲಿಗರು ಜೋಳಕ್ಕೆ ಎಡೆ ಹೊಡೆಯುವುದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಸಸಿ ಗೇಣುದ್ದವಾದ ಮೇಲೆ ಕಬ್ಬಿನ ರವದಿಯನ್ನಾಗಲಿ (ಒಣಗಿದ ಗರಿ) ಜೋಳದ ಕಣಿಕೆಯ ಚೂರುಗಳನ್ನಾಗಲಿ ಸಾಲುಗಳ ನಡುವೆ ಹಾಸಬಹುದು. ಬುಡಕ್ಕೆ ತಾಗದಂತೆ ಎರಡು ಮೂರು ಬೆರಳು ಜಾಗ ಬಿಡಬೇಕು, ಒರಲಿ (ಗೆದ್ದಲು) ಹತ್ತಿದೆಯೇ ಎಂದು ಆಗಾಗ ಎತ್ತಿ ನೋಡಬೇಕು.

ಕಾವಲಿನ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳಬೇಕಾದುದು ಕಾಂಡನೊಣದ ಬಗ್ಗೆ, ಏಕೆಂದರೆ ಬಾಯಾರಿಕೆಯ ವೇಷದಲ್ಲಿ ಬರುವ ಶತ್ರುಗಳಲ್ಲಿ ಇದೇ ದೊಡ್ಡದು. ಎರಡು ಮಿಲಿಮೀಟರ್ ಉದ್ದದ, ಹೊಳೆಯುವ ಕಪ್ಪು ಬಣ್ಣದ ಈ ನೊಣ ಮೊದಲ ಜೋಡಿ ಎಲೆಗಳು ಬಿಚ್ಚಿದ ಕೂಡಲೇ ಬಂದು, ಎಲೆಯ ಬುಡದ ಹತ್ತಿರ ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಗುರುತು ಹಳದಿ ಚುಕ್ಕೆಗಳಾಗಿ ಎಲೆಯ ಮೇಲೆ ಕಾಣುತ್ತದೆ. ಮರಿಹುಳು ಎಲೆಯ ನರದಲ್ಲಿ ಇಳಿದು, ತೊಟ್ಟಿನೊಳಗಿಂದ ಕಾಂಡಕ್ಕೆ ಬಂದು, ತೊಗಟೆಯ ಅಡಿಯಲ್ಲಿ ಸುರಂಗ ಕೊರೆಯುತ್ತ ಮಣ್ಣಿನ ಮಟ್ಟದವರೆಗೆ ಹೋಗಿ ಅಲ್ಲಿ ಕೋಶಾವಸ್ಥೆಗೆ ಸೇರುತ್ತದೆ. ಅಷ್ಟರಲ್ಲಿ ಬುಡ ಉಬ್ಬಿ ಸೀಳಿರುತ್ತದೆ, ಬೇರಿನಿಂದ ಮೇಲಕ್ಕೆ ನೀರು ಏರುವ ದಾರಿ ಕೆಟ್ಟಿರುತ್ತದೆ, ಎಲೆಗಳು ಹಳದಿಯಾಗಿ ಜೋಲುತ್ತವೆ. ಬೆರಳಿಟ್ಟು ನೋಡಿದರೆ ಮಣ್ಣಿನಲ್ಲಿ ತೇವವಿರುತ್ತದೆ. ಮಣ್ಣು ಹಸಿ, ಎಲೆ ಬಾಡು, ಹೀಗೆ ಕಂಡರೆ ನೀರು ಹಾಕದೆ ಬುಡದ ಮಣ್ಣು ಸರಿಸಿ ಕಾಂಡವನ್ನು ನೋಡಬೇಕು. ಕಂದು ಗೆರೆಗಳು, ಸೀಳು, ಒಳಗೆ ಸಣ್ಣ ಕಪ್ಪು ಕಂದು ಕೋಶಗಳು ಕಂಡರೆ ಅದು ಕಾಂಡನೊಣ. ಸೀಳು ಇಲ್ಲದೆ ಬುಡ ಮೆತ್ತಗಾಗಿ ಕೊಳೆತಿದ್ದರೆ ಅದು ಅತಿ ನೀರಿನ ಫಲ.

ಪೂರ್ತಿ ಬಾಡಿದ ಸಸಿಯನ್ನು ಕಿತ್ತು ಸುಡಬೇಕು, ತಿಪ್ಪೆಗೆ ಎಸೆದರೆ ಅಲ್ಲಿಂದಲೇ ಮುಂದಿನ ಪೀಳಿಗೆ ಏಳುತ್ತದೆ. ಅರ್ಧ ಬಾಡಿದ ಗಿಡವನ್ನು ಉಳಿಸಿಕೊಳ್ಳಲು ಸಾಧ್ಯವಿದೆ. ಮೊಳೆತ ಎರಡು ಮೂರು ವಾರಗಳಿಗೆ ಬುಡಕ್ಕೆ ಹಸಿಯಾದ ಹುಡಿಮಣ್ಣನ್ನು ಬೀಜದಳ ಇದ್ದ ಗೆಣ್ಣಿನವರೆಗೆ ಏರಿಸಿದರೆ, ಗಾಯದ ಮೇಲಿನ ಭಾಗದಿಂದ ಹೊಸ ಬೇರುಗಳು ಒಡೆದು ಗಿಡ ಬದುಕುತ್ತದೆ. ಇದನ್ನು ನಾನು ರೋಗ ಕಾಣುವವರೆಗೆ ಕಾಯದೆ ಎಲ್ಲ ಗಿಡಗಳಿಗೂ ಮಾಡುತ್ತೇನೆ. ಜೊತೆಗೆ ಬೇವಿನ ಬೀಜದ ಕಷಾಯವನ್ನು ಮೊದಲ ಎಲೆ ಬಿಚ್ಚಿದಾಗ ಒಮ್ಮೆ, ವಾರದ ನಂತರ ಮತ್ತೊಮ್ಮೆ ಸಿಂಪಡಿಸಬೇಕು: ಲೀಟರ್ ನೀರಿಗೆ 50 ಗ್ರಾಮ್ ಬೇವಿನ ಬೀಜದ ಪುಡಿ ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಒಂದು ಚೂರು ಸೋಪು ಕದಡಿ, ಬಿಸಿಲು ಇಳಿದ ಮೇಲೆ. ಇದೇ ಕಷಾಯ ಸಸ್ಯಹೇನಿಗೂ, ಹಳದಿ ಮೊಸಾಯಿಕ್ ರೋಗ ಹರಡುವ ಬಿಳಿನೊಣಕ್ಕೂ ಆಗುತ್ತದೆ. ಹಳೆಯ ಅಲಸಂದಿ ಅಥವಾ ಅವರೆ ಬಳ್ಳಿಯ ಪಕ್ಕದಲ್ಲಿ ಹೊಸ ಬೀನ್ಸ್ ಊರಬಾರದು, ಅಲ್ಲಿಯ ನೊಣ ಇಲ್ಲಿಗೆ ಬರುತ್ತದೆ.

ಹಕ್ಕಿಗಳ ಕಾಟ ಬೀಜದಳಗಳು ಮೇಲೆ ಬಂದ ಮೊದಲ ವಾರದಲ್ಲಿ ಮಾತ್ರ. ಪಾರಿವಾಳ, ಅಳಿಲು ಎರಡಕ್ಕೂ ಆ ದಪ್ಪ ದಳಗಳು ಪ್ರಿಯ. ತೊಗರಿ ಕಟ್ಟಿಗೆಗಳನ್ನು ಒತ್ತೊತ್ತಾಗಿ ಮಡಿಯ ಮೇಲೆ ಹರವಿದರೆ ಆ ವಾರ ಕಳೆಯುತ್ತದೆ, ಸಸಿಗೆ ಅರೆನೆರಳೂ ಆಗುತ್ತದೆ. ಎಲೆ ಬಿಚ್ಚಿದ ಮೇಲೆ ಕಟ್ಟಿಗೆ ತೆಗೆಯಲೇಬೇಕು, ನೆರಳಿನಲ್ಲಿ ಬೆಳೆದ ಬೀನ್ಸ್ ನೀಳವಾಗಿ ಮುರಿಯುತ್ತದೆ. ಆಡು, ಹಂದಿಗಳಿಗೆ ಹಳೆಯ ಸೀರೆಯ ಬೇಲಿ ಸಾಕು. ಅದೇ ಸೀರೆ ನವೆಂಬರಿನ ಒಣ ಮೂಡಗಾಳಿಯನ್ನೂ ತಡೆಯುತ್ತದೆ. ಈ ಗಾಳಿ ಎಲೆಯಿಂದ ನೀರನ್ನು ಎಳೆಯುವ ವೇಗ ಬಿಸಿಲಿಗಿಂತ ಕಡಿಮೆಯೇನಲ್ಲ, ಆದ್ದರಿಂದ ಮಡಿಯ ಮೂಡಣ ಬದಿಗೆ ಗೋವಿನಜೋಳದ ಎರಡು ಸಾಲು ಮೊದಲೇ ಹಾಕಿಟ್ಟರೆ ಇನ್ನೂ ಒಳ್ಳೆಯದು.

ಇಬ್ಬನಿ ಆರುವ ಮುನ್ನ ಬೀನ್ಸಿನ ಸಾಲಿನಲ್ಲಿ ಕೈಯಾಡಿಸಬಾರದು. ಕಸ ಕೀಳುವುದಾಗಲಿ ಮಣ್ಣೇರಿಸುವುದಾಗಲಿ ಒದ್ದೆ ಎಲೆಗಳ ನಡುವೆ ಮಾಡಿದರೆ ಒಂದು ಗಿಡದ ರೋಗವನ್ನು ನಮ್ಮ ಕೈಯೇ ಸಾಲಿನ ಕೊನೆಯವರೆಗೆ ಒಯ್ಯುತ್ತದೆ.

ಮೊದಲ ಮೊಗ್ಗು ಕಾಣಿಸಿಕೊಂಡ ದಿನದಿಂದ ನೀರಿನ ಲೆಕ್ಕ ಬದಲಾಗುತ್ತದೆ. ಈಗ ಗಿಡ ಮಡಿಯನ್ನು ಪೂರ್ತಿ ಮುಚ್ಚಿರುತ್ತದೆ, ದಿನಕ್ಕೆ ನಾಲ್ಕು ಮಿಲಿಮೀಟರ್ ಹತ್ತಿರ ನೀರು ಬೇಡುತ್ತದೆ, ಹೂವಿನ ಹೊತ್ತಿನಲ್ಲಿ ಮಣ್ಣು ಒಣಗಿದರೆ ಹೂ ಉದುರುತ್ತದೆ. ನಾಲ್ಕೈದು ದಿನಗಳಿಗೊಮ್ಮೆ ಕೊಡುತ್ತಿದ್ದ ಹತ್ತು ಲೀಟರನ್ನು ಎರಡು ಮೂರು ದಿನಗಳಿಗೊಮ್ಮೆ ಕೊಡಬೇಕು. ಬೇರು ಇಳಿದಿರುವುದರಿಂದ ಬೆರಳಿನ ಪರೀಕ್ಷೆ ಆಗ ಸಾಲದು. ಖುರಪಿಯಿಂದ ಗೇಣು ಆಳದ ಮಣ್ಣನ್ನು ತೆಗೆದು ಹಿಡಿಯಲ್ಲಿ ಒತ್ತಿ ನೋಡಿ, ಉಂಡೆ ಕಟ್ಟದಿದ್ದರೆ ನೀರು ಕೊಡಬೇಕು.